ಒಣಗಬಾರದ ಮಣ್ಣು

ಎರಡು ಸಾವಿರದ ಎರಡನೇ ಇಸವಿ. ಹುಲ್ಲಹಳ್ಳಿ ಹತ್ತಿರದ ಬತ್ತಿದ ಕೆರೆಯೊಂದಕ್ಕೆ ಕೊಳವೆ ಇಳಿಸಿ ಒಂದಾಳುದ್ದ ಮಣ್ಣು ತೆಗೆದಿದ್ದೆ. ಅಂಥ ಮಣ್ಣಿನಲ್ಲಿ ಡಯಾಟಮ್ ಎಂಬ, ಗಾಜಿನ ಚಿಪ್ಪಿನ, ಕಣ್ಣಿಗೆ ಕಾಣದ ಪಾಚಿ ಇರುತ್ತದೆ. ಪಾಚಿ ಸತ್ತರೂ ಚಿಪ್ಪು ಸಾವಿರಾರು ವರ್ಷ ಉಳಿಯುತ್ತದೆ. ಯಾವ ಪದರದಲ್ಲಿ ಯಾವ ಜಾತಿಯಿದೆ ಎಂದು ನೋಡಿದರೆ ಅಲ್ಲಿ ಹಿಂದೆ ನಿಂತ ನೀರಿತ್ತೋ, ಹರಿಯುವ ಹೊಳೆಯಿತ್ತೋ ಹೇಳಬಹುದು. ನನ್ನ ಪಿಎಚ್‌.ಡಿ. ನಿಂತಿದ್ದುದು ಆ ಒಂದು ಕೊಳವೆಯ ಮೇಲೆ. ಇನ್ನೊಂದು ತೆಗೆಯೋಣವೆಂದರೆ ಮರುತಿಂಗಳೇ ಜೆಸಿಬಿ ಬಂದು ಕೆರೆಯ ಹೂಳನ್ನೆಲ್ಲ ಕಬ್ಬಿನ ಗದ್ದೆಗಳಿಗೆ ಸಾಗಿಸಿಬಿಟ್ಟಿತು.

ವಿಭಾಗದ ಫ್ರಿಜ್ ಕೆಟ್ಟಿತ್ತು. ರಿಪೇರಿಗೆ ಸಹಿ ಹಾಕುವ ಮಹಾನುಭಾವರು ರಜೆಯಲ್ಲಿದ್ದರು. ಹಾಗಾಗಿ ಮಣ್ಣಿನ ಕೊಳವೆಯನ್ನು ಉದ್ದಕ್ಕೆ ಸೀಳಿ, ಹುಲ್ಲಹಳ್ಳಿಯ ಸೋದರತ್ತೆ ಪುಟ್ಟಬಸಮ್ಮನವರ ತಣ್ಣನೆಯ ಕೋಣೆಯಲ್ಲಿಟ್ಟೆ. ಜೊತೆಗೆ ಒಂದು ಕ್ಯಾನ್ ಡಿಸ್ಟಿಲ್ಡ್ ವಾಟರ್.

"ಒಣಗಿದ್ರೆ ನನ್ನ ಕತೆ ಮುಗೀತು ಅತ್ತೆ. ಈ ನೀರನ್ನ ಚಿಮುಕಿಸ್ತಾ ಇರಿ," ಎಂದೆ.

ಬೇಸಿಗೆ ಕಳೆದ ಮೇಲೆ ಪದರಕ್ಕೊಂದು ಚಿಟಿಕೆಯಂತೆ ಮಣ್ಣನ್ನು ಮೈಸೂರಿಗೆ ಒಯ್ದು ಆಸಿಡ್‌ನಲ್ಲಿ ತೊಳೆದು, ಬರೀ ಚಿಪ್ಪು ಉಳಿಸಿಕೊಂಡು ನೋಡಿದೆ. ಮೇಲಿಂದ ಕೆಳಗಿನವರೆಗೂ ಹೊಳೆ ನೀರಿನ ಜಾತಿಗಳು! ಈಗ ತಿ. ನರಸೀಪುರಕ್ಕೆ ಹೋಗಿ ಕಾವೇರಿ ಸೇರುವ ಕಪಿಲೆ ಹಿಂದೆ ಈ ಕೆರೆಯ ಜಾಗದಲ್ಲೇ ಹರಿದಿತ್ತು ಎಂದು ನಮ್ಮ ಗೈಡ್ ಸಮ್ಮೇಳನಕ್ಕೆ ಹೆಸರು ಕೊಟ್ಟೇಬಿಟ್ಟರು. ನನಗೆ ಮಾತ್ರ ಯಾಕೋ ಕಸಿವಿಸಿ. ತೊಳೆಯದ ಮಣ್ಣನ್ನೇ ಒಂದಿಷ್ಟು ಸೂಕ್ಷ್ಮದರ್ಶಕದಡಿ ಇಟ್ಟೆ. ಚಿಪ್ಪುಗಳು ನಡೆದಾಡುತ್ತಿದ್ದವು.

ಹುಲ್ಲಹಳ್ಳಿ ಬಸ್ ಹತ್ತಿದೆ. ಕ್ಯಾನ್ ಕೊಟ್ಟಿಗೆಯಲ್ಲಿ ಟ್ರ್ಯಾಕ್ಟರ್ ಪಕ್ಕ ಇತ್ತು. ಸೀಲ್ ಒಡೆದಿರಲಿಲ್ಲ.

"ಅತ್ತೆ, ಯಾವ ನೀರು ಹಾಕಿದ್ರಿ?"

"ಅದು ಬ್ಯಾಟ್ರಿ ನೀರು ಕಣಪ್ಪ, ಅದ ಯಾರಾರ ಮಣ್ಗ ಉಯ್ದಾರ? ನಿಮ್ಮಾವ ಸ್ವಾಮಾರ ಸ್ವಾಮಾರ ನಂಜನಗೂಡಿಂದ ಕಪಿಲೆ ನೀರ ತತ್ತಿದ್ರು. ಪೂಜಗ ಒಸಿ ಮಡಿಕಂಡು ಮಿಕ್ಕದ್ದೆಲ್ಲ ನಿನ್ ಮಣ್ಗೇ ಉಯ್ದಿ."

"ಹಾಳು ಮಾಡಿಬಿಟ್ರಲ್ಲ! ಸತ್ತವರ ಮಣ್ಣಿಗೆ ಬದುಕಿರೋರನ್ನ ತಂದು ತುಂಬಿದ್ದೀರಿ!"

ಅತ್ತೆ ಕಣ್ಣು ಕಣ್ಣು ಬಿಟ್ಟರು. ಫ್ರಿಜ್ಜನ್ನು ಬೈಯಲೋ, ಜೆಸಿಬಿಯನ್ನು ಬೈಯಲೋ, ನನ್ನ ಹಣೆಬರಹವನ್ನೋ? ಎಸ್‌ಟಿಡಿ ಬೂತಿಗೆ ಹೋಗಿ ಗೈಡ್‌ಗೆ ಎಲ್ಲ ಹೇಳಿದೆ.

"ಅವು ನಡೆದಾಡಿದ್ದನ್ನ ಬೇರೆ ಯಾರಾದ್ರೂ ನೋಡಿದ್ರಾ?"

"ಇಲ್ಲ ಸರ್."

"ಮತ್ತಿನ್ನೇನು? ಉಳಿದದ್ದನ್ನೂ ಆಸಿಡ್‌ನಲ್ಲಿ ತೊಳೆದುಬಿಡಿ."

ಫೋನ್ ಕುಕ್ಕಿದೆ. ಅತ್ತೆ ಮನೆಗೆ ಬಂದವನೇ ಕೊಳವೆ ಎತ್ತಿ ಹಿತ್ತಲಿಗೆ ಹೋಗಿ, ಮಣ್ಣನ್ನೆಲ್ಲ ಕೆರೆದು ಕೆರೆದು ಬದನೆ ಗಿಡಗಳ ಬುಡಕ್ಕೆ ಸುರಿದೆ. ಅತ್ತೆ ಬಾಗಿಲಿಂದ ಓಡಿ ಬಂದು ನನ್ನ ರಟ್ಟೆ ಹಿಡಿದುಕೊಂಡರು.

"ಅಯ್ಯೋ, ಯಾಕ ಚೆಲ್ಬುಟ್ಟಿಯಪ್ಪ? ಬೇಸ್ಗೆಲೂ ಒಣಗಕ್ಕ ಬುಡ್ದಂಗ ನೋಡ್ಕಂಡಿದ್ನಲ್ಲ!"