ಲಾರಿ ತುಳಿದ ರಾಗಿ

"ಮುದ್ದೇಲಿ ಡೀಸೆಲ್ ವಾಸ್ನೆ ಬತ್ತೈತೆ ಕಣಮ್ಮ," ಎಂದರು ಅಡವಯ್ಯ, ಮುರಿದ ತುತ್ತನ್ನು ಸಾರಿಗೆ ಅದ್ದದೆ ಮೂಗಿನ ಹತ್ತಿರವೇ ಹಿಡಿದುಕೊಂಡು.

ಪುಷ್ಪಾವತಿ ಮಾವನ ತಟ್ಟೆಗೆ ಇನ್ನೊಂದು ಸೌಟು ಸಾರು ಬಿಟ್ಟಳು. ಹಿಟ್ಟು ಕುದಿಯುವಾಗಲೇ ಅಡುಗೆಮನೆಯೆಲ್ಲ ಗ್ಯಾರೇಜಿನಂತೆ ನಾರಿತ್ತು. ಎರಡು ಸಲ ಹಿತ್ತಲಿಗೆ ಹೋಗಿ ಉಗಿದು ಬಂದಿದ್ದಳು.

"ನಿನ್ನ ಮೂಗೇ ಸರಿಯಿಲ್ಲ ಬುಡಪ್ಪ," ಎಂದ ಅವಳ ಗಂಡ ಬಸವೇಶ್. ಹಾಗೆಂದವನೇ ತನ್ನ ಮುದ್ದೆಯನ್ನು ತುತ್ತು ತುತ್ತಾಗಿ ಗಂಟಲಿಗಿಳಿಸತೊಡಗಿದ. ಮುದ್ದೆಯನ್ನು ಯಾರೂ ಅಗಿಯುವುದಿಲ್ಲವಲ್ಲ. ನುಂಗುವವನಿಗೆ ವಾಸನೆಯ ಗೊಡವೆ ಕಡಿಮೆ.

ಇದೆಲ್ಲ ಶುರುವಾದದ್ದು ಅವನ ಹಳೇ ಲಾರಿಯಿಂದ. ಐ.ಡಿ.ಹಳ್ಳಿಯಿಂದ ಹುಣಸೆಹಣ್ಣಿನ ಲೋಡು ಹೊತ್ತರೆ ಏರಿನಲ್ಲಿ ಉಬ್ಬಸ ಬಂದಂತೆ ಏದುತ್ತಿತ್ತು, ಡೀಸೆಲ್ಲನ್ನೂ ಸಿಕ್ಕಾಪಟ್ಟೆ ಕುಡಿಯುತ್ತಿತ್ತು. ಎಂಜಿನ್ನಿಗೆ ಡೀಸೆಲ್ ಬಿಡುವ ಪಂಪನ್ನು ಸೆಟ್ ಮಾಡುವುದರಲ್ಲಿ ಹೆಸರಾದ ಶಿರಾದ ಅಹಮದ್ ಷರೀಫರ ಹತ್ತಿರ ಹೋಗಿದ್ದ. ಅವರು ಫಿಲ್ಟರ್ ಬದಲಾಯಿಸಿ, ಡೀಸೆಲ್ ಚಿಮ್ಮುವ ನಾಜಲ್ ತೊಳೆದು, ಟೈರಿಗೆ ಗಾಳಿ ಸರಿಮಾಡಿಸಿ, ಇಷ್ಟು ಸಾಕು ಅಂದರು. ಪಂಪಿನ ಸ್ಕ್ರೂ ತಿರುಗಿಸಿ ಡೀಸೆಲ್ ಜಾಸ್ತಿ ಬಿಡಿ ಎಂದು ಇವನು ಗೋಗರೆದಾಗ ಕೈಯೊರೆಸಿಕೊಂಡು ಎದ್ದರಂತೆ. "ಕರೀ ಹೊಗೆ ಅಂದ್ರೆ ಏನು ಬಸವೇಶಣ್ಣ? ಪೂರ್ತಿ ಉರೀದೆ ಆಚೆ ಹೋಗೋ ನಿಮ್ದೇ ಡೀಸೆಲ್ಲು." ಈ ಮಾತನ್ನು ಮನೆಗೆ ಬಂದು ಅಣಕಿಸಿ ಹೇಳಿ ನಕ್ಕವನೂ ಅವನೇ.

ಆಮೇಲೆ ಕೊರಟಗೆರೆ ಕಡೆಯ ಯಾವುದೋ ಶೆಡ್ಡಿಗೆ ಹೋದ. ಅಲ್ಲಿ ಸ್ಕ್ರೂ ತಿರುಗಿಸಿಕೊಟ್ಟರು. ಲಾರಿಗೆ ಶಕ್ತಿ ಬಂದದ್ದು ಸುಳ್ಳಲ್ಲ, ಏರನ್ನು ಗೂಳಿಯಂತೆ ಹತ್ತುತ್ತಿತ್ತು. ಹಿಂದೆ ಏಳುವ ಕಪ್ಪು ಹೊಗೆಯನ್ನು ಬಸವೇಶ್ ಕನ್ನಡಿಯಲ್ಲಿ ಮಗನ ಮೆರವಣಿಗೆ ನೋಡುವವನಂತೆ ನೋಡುತ್ತಿದ್ದ. ಡೀಸೆಲ್ ಮೊದಲಿಗಿಂತ ಬೇಗ ಖಾಲಿಯಾದರೆ ರಸ್ತೆಯನ್ನು ಬೈಯುತ್ತಿದ್ದ. ಶೆಡ್ಡಿನವರು ಬಿಚ್ಚಿ ಕಟ್ಟಿದ ಡೀಸೆಲ್ ಪೈಪು ತೊಟ್ಟಿಕ್ಕತೊಡಗಿದಾಗ, ದುಡಿಯೋ ಲಾರಿ, ಬೆವರ್ತೈತೆ ಅಂದ.

ಅದೇ ಹೊತ್ತಿಗೆ ರಾಗಿ ಒಕ್ಕಣೆ ಬಂತು. ಈಗ ಕಣ ಮಾಡುವವರು ಯಾರು? ಎಲ್ಲರೂ ಟಾರು ರಸ್ತೆಗೇ ತೆನೆ ಹರಡುತ್ತಾರೆ, ಓಡಾಡುವ ಬಸ್ಸು, ಟ್ರ್ಯಾಕ್ಟರುಗಳೇ ತುಳಿದು ಕಾಳು ಉದುರಿಸುತ್ತವೆ. ಬಸವೇಶನಿಗೆ ಅದು ಸಾಲಲಿಲ್ಲ. ಊರೆಲ್ಲ ನೋಡಲಿ ಎಂದು ತನ್ನ ಲಾರಿಯನ್ನೇ ತೆನೆಯ ಮೇಲೆ ಮಧ್ಯಾಹ್ನದವರೆಗೆ ಹಿಂದಕ್ಕೂ ಮುಂದಕ್ಕೂ ಓಡಿಸಿದ. ಮೇಲಿಂದ ಮಸಿ, ಕೆಳಗಿಂದ ಡೀಸೆಲ್ಲು. ಪುಷ್ಪಾವತಿ ಮೊರ ಬೀಸಿ ಕೂಗಿದ್ದು ಆ ಸದ್ದಿನಲ್ಲಿ ಕೇಳಿಸಿತೋ, ಕೇಳಿಸದವನಂತೆ ಇದ್ದನೋ.

ವರ್ಷದ ಮುದ್ದೆ ಹೋದರೆ ಹೋಗಲಿ. ಅವಳಿಗೆ ತಡೆಯಲಾಗದ್ದು ಬೇರೆ. ಬಾಣಂತನ ಮುಗಿಸಿದ ಮಗಳು ನಾಳೆ ಕೂಸಿನ ಜೊತೆ ಪಾವಗಡಕ್ಕೆ, ಗಂಡನ ಮನೆಗೆ ಹೊರಡುವವಳು. ಕೂಸಿಗೆ ಮೊದಲ ಊಟವೆಂದು ಅದೇ ರಾಗಿಯನ್ನು ಮೊಳಕೆ ಕಟ್ಟಿ, ಒಣಗಿಸಿ, ಹುರಿದು, ಸರಿಹಿಟ್ಟು ಮಾಡಿಟ್ಟಿದ್ದಳು. ಎಷ್ಟು ನೀರಿನಲ್ಲಿ ತೊಳೆದಿದ್ದರೂ ಡಬ್ಬಿಯ ಮುಚ್ಚಳ ತೆಗೆದರೆ ಲಾರಿಯೇ ಎದುರು ಬಂದು ನಿಂತ ಹಾಗಿತ್ತು.

ಬಸವೇಶ್ ತಟ್ಟೆ ಬರಿದು ಮಾಡಿ ಒಂದು ತೇಗು ತೇಗಿದ. ಅಡವಯ್ಯ ಮುಖ ಕಿವುಚಿಕೊಂಡು ತಮ್ಮ ತಟ್ಟೆಯನ್ನು ಆಚೆ ಸರಿಸಿದರು. ಪುಷ್ಪಾವತಿ ಒಳಗೆ ಹೋಗಿ, ಕಾಯಿಸಿದ ಸರಿಯನ್ನು ಬೆಳ್ಳಿ ಬಟ್ಟಲಿಗೆ ಬಗ್ಗಿಸಿ ತಂದಳು. ಕೂಸನ್ನೂ ತಂದು ಗಂಡನ ತೊಡೆಯ ಮೇಲೆ ಕೂರಿಸಿದಳು.

"ನೀವೇ ತಿನ್ಸಿ. ನಿಮ್ಮ ಲಾರಿ ತುಳ್ದಿರೋ ರಾಗಿ."

ಅದಕ್ಕೇನಂತೆ ಎಂದು ಅವನು ಚಮಚ ಎತ್ತಿದ. ಚಮಚ ಕಂಡದ್ದೇ ಕೂಸು ಗುಬ್ಬಿಮರಿಯಂತೆ ಬಾಯಿ ತೆರೆಯಿತು. ಹಲ್ಲಿಲ್ಲದ, ಹಾಲಿನ ವಾಸನೆಯ ಬಾಯಿ. ಬಸವೇಶನ ಕೈ ನಡುವೆಯೇ ನಿಂತಿತು. ಕೂಸು ಇನ್ನಷ್ಟು ಮುಂದಕ್ಕೆ ಬಾಗಿತು. ಅವನು ಚಮಚವನ್ನು ಹಿಂದಕ್ಕೆ ತೆಗೆದುಕೊಂಡ.

"ಯಾಕೆ? ವಾಸ್ನೆ ಇಲ್ವಲ್ಲ?" ಎಂದಳು ಪುಷ್ಪಾವತಿ.

"ತಗಂಡೋಗು ಅತ್ಲಾಗೆ."

"ಎಲ್ಲಿಗೆ? ನಿಮ್ಮ ಲಾರಿ ಟ್ಯಾಂಕಿಗೆ ಉಯ್ಯಲಾ?"

ಅಡವಯ್ಯ ಕೈ ತೊಳೆದುಕೊಳ್ಳುತ್ತ, ಯಾರ ಮುಖವನ್ನೂ ನೋಡದೆ ಹೇಳಿದರು: "ಷರೀಫ್ ಸಾಬ್ರು ಬಾಗ್ಲು ತೆಗ್ದಿರ್ತಾರೆ ಕಣ್ಲಾ, ಹೋಗು."

ಬಸವೇಶ್ ಕೂಸನ್ನು ಹೆಂಡತಿಯ ಕೈಗೆ ಕೊಟ್ಟು ಹೊರಟ. ಲಾರಿ ಗುಡುಗಿತು, ಕಿಟಕಿಯಿಂದ ಮನೆಯೊಳಕ್ಕೆ ಹೊಗೆ ನುಗ್ಗಿತು. ಪುಷ್ಪಾವತಿ ಕೂಸಿನ ಮುಖಕ್ಕೆ ಸೆರಗು ಮುಚ್ಚಿ ಬಾಗಿಲಿಗೆ ಬಂದಳು. ಲಾರಿ ಮೋರಿಯ ಹತ್ತಿರ ನಿಂತಿತ್ತು. ಅವನು ಇಳಿದು, ಬೇಲಿ ಕಂಬ ಹಿಡಿದು ಬಗ್ಗಿ, ನುಂಗಿದ ಮುದ್ದೆಯನ್ನೆಲ್ಲ ಕಕ್ಕಿದ. ಆಮೇಲೆ ಬಾಯಿ ಒರೆಸಿಕೊಂಡು ಹತ್ತಿ ಕೂತು, ಲಾರಿಯನ್ನು ಶಿರಾ ರಸ್ತೆಗೆ ತಿರುಗಿಸಿದ.