ಹೊಲಿಗೆ ಮನೆಯ ಎಂಜಿನ್ನು

ಎಂಜಿನ್ನಿಗೆ ಮನೆಯೊಳಗೆ ಜಾಗ ಮಾಡಲು ಮೊದಲು ಬಟ್ಟೆಯ ಅಂಚು ಹೊಲಿಯುವ ಓವರ್‌ಲಾಕ್ ಮಷಿನ್ನನ್ನು ಅಡುಗೆಮನೆಯ ಬಾಗಿಲ ಹತ್ತಿರ ಸರಿಸಬೇಕಾಯಿತು. ಅವತ್ತಿನಿಂದ ಒಲೆಯ ಹತ್ತಿರ ಹೋಗಬೇಕೆಂದರೆ ಹೊಟ್ಟೆ ಒಳಗೆಳೆದುಕೊಂಡು ಅಡ್ಡಡ್ಡ ನಡೆಯಬೇಕು. ನನ್ನ ಮಗಳು ಶಿರಿಷಾ, ಐದನೇ ಕ್ಲಾಸಿನವಳು, ಸಲೀಸಾಗಿ ನುಸುಳುತ್ತಿದ್ದಳು. ನನಗೆ ದಿನಾ ಸೊಂಟಕ್ಕೆ ಮಷಿನ್ನಿನ ಮೂಲೆ ತಾಗುತ್ತಿತ್ತು. ದಿನಾ ಬೈಯುತ್ತಿದ್ದೆ. ಯಾರನ್ನು ಅಂತ ನನಗೇ ಗೊತ್ತಿರಲಿಲ್ಲ.

ರಾಯದುರ್ಗದಲ್ಲಿ ನಮ್ಮದು ಜೀನ್ಸ್ ಪ್ಯಾಂಟ್ ಹೊಲಿಯುವ ಕೆಲಸ. ಕತ್ತರಿಸಿದ ಬಟ್ಟೆ ಬಂಡಲ್ಲಾಗಿ ಮನೆಗೆ ಬರುತ್ತದೆ, ಪಡಸಾಲೆಯಲ್ಲಿರುವ ಮಷಿನ್ನುಗಳಲ್ಲಿ ಹೊಲಿದು ವಾಪಸ್ ಕಳಿಸುತ್ತೇವೆ. ನನ್ನ ಹೆಂಡತಿ ಬನಶಂಕರಿ ಮಡಕಶಿರಾದಲ್ಲಿ ಕನ್ನಡ ಶಾಲೆಯ ಟೀಚರು. ಅಲ್ಲೇ ಒಂದು ಬಾಡಿಗೆ ಮನೆ ಮಾಡಿಕೊಂಡಿದ್ದಾಳೆ. ಮೊನ್ನೆಯವರೆಗೂ ಒಂದೇ ಜಿಲ್ಲೆ ಆಗಿತ್ತು ಅಂತ ಹೇಳೋದು ಸುಲಭ. ಬಸ್ಸಿನಲ್ಲಿ ಬರೋದಾದರೆ ಕಲ್ಯಾಣದುರ್ಗದಲ್ಲಿ ಇಳಿ, ಕಾಯು, ಇನ್ನೊಂದು ಬಸ್ಸು ಹತ್ತು, ಮತ್ತೆ ಕಾಯು. ಮನೆಗೆ ಬಂದು ಕೂತಳು ಅನ್ನುವಷ್ಟರಲ್ಲಿ ಹೊರಡುವ ಹೊತ್ತು. ಹಾಗಾಗಿ ಹಳೆಯದೊಂದು ಡೀಸೆಲ್ ಕಾರು ತಗೊಂಡಿದ್ದೆ. ಶನಿವಾರ ಹೋಗಿ ಕರೆದುಕೊಂಡು ಬರೋದು, ಸೋಮವಾರ ಬೆಳಗಿನ ಜಾವ ಬಿಟ್ಟು ಬರೋದು. ಮೂರು ವರ್ಷ ನಮ್ಮ ಸಂಸಾರ ನಡೆದದ್ದು ಆ ಕಾರಿನ ಮೇಲೆ.

ಈ ವರ್ಷ ಶಿವರಾತ್ರಿ ಕಳೆದ ಮೇಲೆ ಅದು ಕೈಕೊಟ್ಟಿತು. ಗುಮ್ಮಘಟ್ಟ ದಾಟಿ ಊರ ಕಡೆ ಬರುವಾಗ ಮೊದಲು ಶಿಳ್ಳೆ ಹೊಡೆದ ಹಾಗೆ ಸದ್ದು, ಆಮೇಲೆ ಹಿಂದೆಲ್ಲ ನೀಲಿ ಹೊಗೆ, ಆಮೇಲೆ ಒಳಗಿನಿಂದ ಟಕಟಕ. ಟರ್ಬೊ ಹೋಗಿತ್ತು. ಟರ್ಬೊ ಅಂದರೆ ದೊಡ್ಡದೇನಲ್ಲ, ಎಂಜಿನ್ನಿನ ಹೊಗೆಯ ಜೋರಿಗೇ ತಿರುಗಿ ಎಂಜಿನ್ನಿನೊಳಗೆ ಗಾಳಿ ತುರುಕುವ ಒಂದು ಅಂಗೈಯಗಲದ ಫ್ಯಾನು. ಆದರೆ ಅದು ಹೋಗುವಾಗ ಒಂಟಿಯಾಗಿ ಹೋಗಲಿಲ್ಲ. ಎಂಜಿನ್ನಿನ ಎಣ್ಣೆಯನ್ನೆಲ್ಲ ಹೊರಗೆ ಉಗುಳಿ, ಬೇರಿಂಗುಗಳನ್ನೂ ಕರೆದುಕೊಂಡು ಹೋಯಿತು.

ಯುಗಾದಿಗೆ ಬಸ್ಸಿನಲ್ಲಿ ಬಂದ ಬನಶಂಕರಿ ಒಬ್ಬಟ್ಟಿಗೆ ಬೇಳೆ ಬೇಯಿಸುತ್ತಾ ಹೇಳಿದಳು: “ನೋಡ್ರೀ, ಜೂನ್‌ನಾಗೆ ಸ್ಕೂಲು ಶುರುವಾಗೋದ್ರೊಳಗೆ ಕಾರು ಓಡ್ತು ಅಂದ್ರೆ ಶಿರಿಷಾ ಇಲ್ಲೇ ಇರ್ಲಿ. ಇಲ್ಲಾಂದ್ರೆ ನಾನು ಕರ್ಕೊಂಡು ಹೋಗಿ ನಮ್ಮ ಸ್ಕೂಲ್‌ಗೇ ಸೇರಿಸ್ತೀನಿ. ಹದಿನೈದು ದಿನಕ್ಕೊಂದ್ಸಲ ಬಸ್ಸಲ್ಲಿ ಬಂದು ಮಗಳ ಮುಖ ನೋಡೋಕೆ ನನ್ ಕೈಲಾಗಲ್ಲ.”

“ಓಡತೈತಿ ಬಿಡು,” ಅಂದೆ.

“ಯಾರು ಮಾಡ್ತಾರೆ?”

“ನಾನೇ.”

ಅವಳು ಸೌಟು ಕೈಯಲ್ಲಿಟ್ಟುಕೊಂಡೇ ನನ್ನನ್ನು ನೋಡಿದಳು. ನಾನು ಸುಮ್ಮನೆ ಹೇಳಿದ್ದಲ್ಲ. ಊರಿನ ಮೆಕ್ಯಾನಿಕ್ಕುಗಳು ಬಾನೆಟ್ ಎತ್ತಿ ನೋಡಿ, “ಬಳ್ಳಾರಿಗೆ ಒಯ್ಯಿರಿ” ಅಂತ ಮತ್ತೆ ಮುಚ್ಚಿದ್ದರು. ಬಳ್ಳಾರಿಯವರು ಬಿಚ್ಚಿ ಇಟ್ಟುಕೊಂಡ ಗಾಡಿಗಳ ಸಾಲು ನೋಡಿದರೆ ನಮ್ಮದರ ಸರದಿ ದಸರಾಕ್ಕೂ ಬರುವ ಹಾಗಿರಲಿಲ್ಲ. ಹೊಲಿಗೆ ಮಷಿನ್ನು ಕೆಟ್ಟರೆ ನಾನು ಯಾವತ್ತೂ ಯಾರನ್ನೂ ಕರೆದವನಲ್ಲ. ಬಿಚ್ಚಿದ್ದನ್ನು ಬಿಚ್ಚಿದ ಕ್ರಮದಲ್ಲೇ ಬಟ್ಟೆಯ ಮೇಲೆ ಜೋಡಿಸಿಟ್ಟರೆ ಯಾವ ಮಷಿನ್ನಾದರೂ ತಾನೇ ದಾರಿ ಹೇಳುತ್ತದೆ ಅನ್ನೋದು ನನ್ನ ನಂಬಿಕೆ.

ಹಾಗೇ ಮಾಡಿದೆ. ಎಂಜಿನ್ನನ್ನು ಇಳಿಸಲು ನಾಲ್ಕು ಜನ ಬೇಕಾದರು. ಪಡಸಾಲೆಯಲ್ಲಿ ಹಳೇ ಜೀನ್ಸ್ ಬಟ್ಟೆ ಹಾಸಿ ಒಂದೊಂದೇ ಭಾಗ ಬಿಚ್ಚಿ ಸಾಲಾಗಿ ಇಟ್ಟೆ. ಪ್ಯಾಂಟಿನ ಬಿಡಿಭಾಗಗಳಿಗೆ ಬರೆಯುವ ಹಾಗೆ ಸೀಮೆಸುಣ್ಣದಲ್ಲಿ ಗುರುತು ಹಾಕಿದೆ, ಎಡ, ಬಲ, ಮುಂದೆ, ಹಿಂದೆ. ಪಿಸ್ಟನ್ನುಗಳು ತಿರುಗಿಸುವ ಕ್ರ್ಯಾಂಕ್ ದಂಡವನ್ನು ಉಜ್ಜಿಸಲು ಬಳ್ಳಾರಿಯ ಲೇತ್ ಅಂಗಡಿಗೆ ಒಯ್ದೆ. ರಿಂಗು, ಬೇರಿಂಗು, ಗ್ಯಾಸ್ಕೆಟ್ಟು ಎಲ್ಲಾ ಹೊಸದು. ಟರ್ಬೊದ ನಡುವಿನ ಭಾಗವೂ ಹೊಸದು. ಹಗಲು ಪ್ಯಾಂಟು, ಬಿಡುವು ಸಿಕ್ಕಾಗ ಎಂಜಿನ್ನು. ಬಿಡುವು ಅಂದರೇನು, ಅನ್ನ ಬೇಯುವ ಹೊತ್ತು, ಕರೆಂಟು ಹೋದ ಹೊತ್ತು. ಸಾರಿಗೆ ಎಷ್ಟೋ ಸಲ ಉಪ್ಪು ಮರೆತೆ. ಒಂದು ದಿನ ಎರಡೆರಡು ಸಲ ಹಾಕಿದೆ. ಶಿರಿಷಾ ತಟ್ಟೆ ಸರಿಸಿ, “ಅಪ್ಪ, ಇದು ಸಾರೇನು, ಆಯಿಲ್ಲೇನು?” ಅಂದಳು. ನಗಬೇಕಿತ್ತು. ಗದರಿಬಿಟ್ಟೆ.

ನಮ್ಮ ಕಟಿಂಗ್ ಮಾಸ್ಟರ್ ಹಂಪಣ್ಣ ಬಂಡಲ್ ಇಳಿಸಲು ಬಂದಾಗಲೆಲ್ಲ ಬಾಗಿಲಲ್ಲಿ ನಿಂತು ಒಂದು ಮಾತು ಆಡದೆ ಹೋಗುತ್ತಿರಲಿಲ್ಲ.

“ಏನ್ ಲೋಕನಾಥಪ್ಪ, ಕಾರಿಗೂ ಪ್ಯಾಂಟ್ ಹೊಲಿಯಾಕತ್ತೀಯೇನು? ಅಳತಿ ತಗೊಂಡ್ಯಾ?”

“ಬಂಡಲ್ ಇಟ್ಟು ಹೋಗಣ್ಣ.”

“ಹೋಗ್ತೀನಿ ಹೋಗ್ತೀನಿ. ಜಿಪ್ಪು ಮಾತ್ರ ಹಿಂದ್ಗಡೆ ಇಡು, ಇಲ್ಲಾಂದ್ರ ಹೊಗಿ ಹೊರಗ ಬರಂಗಿಲ್ಲ!”

ಟರ್ಬೊಗೆ ಎಣ್ಣೆ ತರುವ ಒಂದು ಕೊಳವೆ ಇದೆ. ಬಳಪದಷ್ಟು ಸಣ್ಣದು, ಎರಡು ಕಡೆ ಬಾಗಿದ್ದು. ಒಳಗೆಲ್ಲ ಹಳೇ ಎಣ್ಣೆ ಸುಟ್ಟು ಕರಿ ಕಟ್ಟಿತ್ತು. ಡೀಸೆಲ್ಲಿನಲ್ಲಿ ನೆನೆಹಾಕಿದರೂ ಬಿಡಲಿಲ್ಲ. ಬಾಗಿದ ಕಡೆ ಕಡ್ಡಿ ಹೋಗದು. ಆಗ ನನಗೆ ಹೊಳೆಯಿತು. ಲಂಗದ ಪಟ್ಟಿಯೊಳಗೆ ಲಾಡಿ ಏರಿಸುವುದಿಲ್ಲವೇ ಹಾಗೆ! ದಪ್ಪ ದಾರದ ತುದಿಗೆ ಸಣ್ಣ ಸೀಸದ ಗುಂಡು ಕಟ್ಟಿ ಕೊಳವೆಯೊಳಗೆ ಜಾರಿಸಿದೆ, ಆ ಕಡೆ ಹೊರಬಂತು. ಈ ತುದಿಗೆ ಜೀನ್ಸ್ ಚಿಂದಿಯ ತೆಳ್ಳನೆ ಪಟ್ಟಿ ಕಟ್ಟಿ ಎಳೆದೆ. ಕರ್ರಗೆ ಬಂತು. ಇನ್ನೊಂದು ಪಟ್ಟಿ, ಮತ್ತೊಂದು. ಕೊನೆಯದು ಬಿಳಿ ಬಣ್ಣಕ್ಕೆ ತಿರುಗಿದ ಹಳೇ ಜೀನ್ಸು, ಹಾಗೇ ಶುದ್ಧವಾಗಿ ಹೊರಬಂತು. ಅವತ್ತು ಒಬ್ಬನೇ ನಕ್ಕೆ. ಬಳ್ಳಾರಿಯ ಯಾವ ಮೆಕ್ಯಾನಿಕ್ಕಿಗೆ ಇದು ಹೊಳೆದೀತು ಅಂತ ಬೀಗಿದೆ.

ಮೇ ರಜೆಗೆ ಬಂದ ಬನಶಂಕರಿಗೆ ಕೂರಲು ಜಾಗವಿರಲಿಲ್ಲ. ಅವಳು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಪಿಸ್ಟನ್ನುಗಳನ್ನು ದಾಟಿಕೊಂಡು ಹೋಗಿ ಅಡುಗೆ ಮಾಡಿದಳು, ಬೋಲ್ಟುಗಳ ಪಕ್ಕದಲ್ಲಿ ತಟ್ಟೆ ಹಾಕಿದಳು, ಮಗಳಿಗೆ ಎಣ್ಣೆ ಹಚ್ಚಿ ತಲೆ ಬಾಚಿದಳು. ಶಿರಿಷಾ ಅವಳ ಸೆರಗು ಬಿಡಲಿಲ್ಲ. ನಾನು ಬೋಲ್ಟು ಬಿಗಿಯುವ ಟಾರ್ಕ್ ಸ್ಪ್ಯಾನರು ಹಿಡಿದು ಅವರಿಬ್ಬರಿಗೆ ಬೆನ್ನು ಹಾಕಿ ಕೂತಿರುತ್ತಿದ್ದೆ. ಇವಳನ್ನು ಇಲ್ಲೇ ಉಳಿಸಿಕೊಳ್ಳಲಿಕ್ಕೇ ಅಲ್ಲವೇ ಇಷ್ಟೆಲ್ಲ ಅಂತ ನನ್ನ ಲೆಕ್ಕ.

ಶಾಲೆ ತೆರೆಯಲು ಇನ್ನೂ ಕೆಲವು ದಿನ ಇದ್ದವು. ಎಂಜಿನ್ನು ಮತ್ತೆ ಕಾರಿನೊಳಗೆ ಕೂತಿತು. ಕೀಲಿ ತಿರುಗಿಸಿದೆ. ಮೊದಲ ಸಲ ಕೆಮ್ಮಿತು, ಎರಡನೇ ಸಲ ಕೆಮ್ಮಿತು, ಮೂರನೇ ಸಲ ಹಿಡಿಯಿತು. ಆ ಸದ್ದು ಕೇಳಿ ಬೀದಿಯ ಮಕ್ಕಳೆಲ್ಲ ಬಂದರು. ಹಂಪಣ್ಣನೂ ಬಂದ. “ಅಬ್ಬಾ, ಹೊಲಿಗಿ ಕೂತಂಗ ಕಾಣ್ತೈತಲ್ಲೋ!” ಅಂದ. ರಜೆಗೆ ಬಂದ ಮೇಲೆ ಬನಶಂಕರಿ ಹೊಸ್ತಿಲಲ್ಲಿ ನಿಂತು ಮೊದಲ ಬಾರಿಗೆ ನಕ್ಕಳು.

“ಕಾರು ಹತ್ತು, ಒಂದು ರೌಂಡ್ ಹೋಗಿ ಬರೋಣು,” ಅಂದೆ. ಶಿರಿಷಾ ಅಮ್ಮನಿಗಿಂತ ಮುಂಚೆ ಹತ್ತಿದಳು.

ಗುಮ್ಮಘಟ್ಟದ ದಾರಿಯಲ್ಲಿ ಆಕ್ಸಿಲರೇಟರ್ ಒತ್ತಿದೆ. ಎಳೆಯಿತು. ಚೆನ್ನಾಗಿಯೇ ಎಳೆಯಿತು. ಕುರಿ ಮಂದೆ ಅಡ್ಡ ಬಂತು, ನಿಲ್ಲಿಸಿದೆ, ಮತ್ತೆ ಒತ್ತಿದೆ. ಅಷ್ಟರಲ್ಲಿ ಕಿವಿಗೆ ಸೂಜಿ ಚುಚ್ಚಿದಂಥ ಒಂದು ಕೀರಲು ಸದ್ದು. ಸದ್ದು ಏರುತ್ತಾ ಏರುತ್ತಾ ಹೋಗಿ ಪಟ್ಟಂತ ನಿಂತಿತು. ಸದ್ದಿನ ಜೊತೆ ಎಳೆತವೂ ಹೋಯಿತು. ಹಿಂದೆ ತಿರುಗಿ ನೋಡುವ ಅಗತ್ಯವಿರಲಿಲ್ಲ, ಹೊಗೆಯ ವಾಸನೆ ಮುಂದೆಯೇ ಬಂದಿತ್ತು.

ಸ್ಟೇರಿಂಗಿಗೆ ಕೈ ಬಡಿದೆ. ಹಾರನ್ನು ತಾನೇ ಕೂಗಿಕೊಂಡಿತು. ಶಿರಿಷಾ ಬೆಚ್ಚಿದಳು.

“ಮಗೂನ ಯಾಕೆ ಹೆದರಿಸ್ತೀರಾ? ಇಳೀರಿ, ನೀರು ಕುಡೀರಿ,” ಅಂದಳು ಬನಶಂಕರಿ. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ. ತೀರ್ಮಾನ ಇತ್ತು.

ಗೂಡ್ಸ್ ಆಟೋಗೆ ಹಗ್ಗ ಕಟ್ಟಿ ಕಾರನ್ನು ಊರಿಗೆ ಎಳೆಸಿದೆ. ಮಾರನೇ ದಿನ ಟರ್ಬೊ ಬಿಚ್ಚಿ ಚೀಲದಲ್ಲಿ ಹಾಕಿಕೊಂಡು ಬಳ್ಳಾರಿಗೆ ಹೋದೆ. ಟರ್ಬೊ ಕೆಲಸದ ರೇಣುಕಾಪ್ರಸಾದ್ ಅದರ ಶಾಫ್ಟನ್ನು ಬೆರಳಿನಿಂದ ತಿರುಗಿಸಲು ನೋಡಿದ. ಅಲುಗಲಿಲ್ಲ.

“ಎಣ್ಣಿ ಮುಟ್ಟೇ ಇಲ್ಲ ನೋಡ್ರಿ. ಒಣಗೇ ತಿರುಗೇತಿ.”

“ಹೊಸ ಎಣ್ಣಿ ತುಂಬೀನಲ್ರೀ! ಅಳತಿ ನೋಡೀನಿ!”

“ತುಂಬೀರಿ, ಯಾರು ಇಲ್ಲ ಅಂದ್ರು? ಇಲ್ಲಿಗೆ ಬಂದಿಲ್ಲ. ಬರೋ ದಾರಿ ನೋಡ್ರಿ ಮೊದ್ಲು.”

ಹೊಸ ಭಾಗ ತರಿಸಬೇಕು, ವಾರದ ಮೇಲಾಗುತ್ತದೆ ಅಂದ. ಅಷ್ಟರಲ್ಲಿ ಶಾಲೆ ತೆರೆದಿರುತ್ತದೆ. ಬೇರೆ ಕಡೆ ಕೇಳಿದೆ, ಬೇರೆ ಕಡೆಯೂ ಅದೇ ಮಾತು.

ಮನೆಗೆ ಬಂದವನೇ ಕೈಕಾಲು ತೊಳೆಯದೆ ಆ ಕೊಳವೆ ಬಿಚ್ಚಿದೆ. ಟರ್ಬೊದ ಮೇಲೆ ಕೊಳವೆಯನ್ನು ಹಿಡಿದಿಡುವ ಬೋಲ್ಟಿನಲ್ಲಿ ಎಣ್ಣೆ ಹೋಗಲು ಒಂದು ತೂತಿದೆ, ಗುಂಡುಸೂಜಿಯ ತಲೆಯಷ್ಟು. ಅದರ ಬಾಯಲ್ಲಿ ಏನೋ ಮೆತ್ತಗೆ ಕೂತಿತ್ತು. ಸೂಜಿಯಲ್ಲಿ ಮೀಟಿ ತೆಗೆದು ಬೆಳಕಿಗೆ ಹಿಡಿದೆ. ನೀಲಿ ಅರಳೆ. ಜೀನ್ಸಿನ ನೂಲು ಸವೆದು ಉದುರಿ ಉಂಡೆಯಾದದ್ದು. ನಮ್ಮ ಮನೆಯಲ್ಲಿ ಅದು ನೆಲದ ಮೇಲಿದೆ, ಫ್ಯಾನಿನ ರೆಕ್ಕೆಯ ಮೇಲಿದೆ, ಮಗಳ ಜಡೆಯಲ್ಲೂ ಇರುತ್ತದೆ. ಇರುವುದೇ ಹಾಗೆ ಅಂತ ನಾವು ಅದನ್ನು ನೋಡುವುದೇ ಇಲ್ಲ. ಶುದ್ಧ ಮಾಡುತ್ತೇನೆ ಅಂತ ಒಂದೊಂದು ಪಟ್ಟಿ ಎಳೆದಾಗಲೂ ಒಂದಿಷ್ಟು ಅರಳೆಯನ್ನು ನಾನೇ ಒಳಗೆ ತುಂಬಿದ್ದೆ.

ಬೈಯಲು ಈಗ ಒಬ್ಬ ಸಿಕ್ಕಿದ್ದ.

ಬನಶಂಕರಿಗೆ ತೋರಿಸಿದೆ. ಅಂಗೈಯಲ್ಲಿ ಇಟ್ಟುಕೊಂಡು ನೋಡಿ, ಊದಿ ಹಾರಿಸಿದಳು.

“ನಾಳೆ ಶಿರಿಷಾ ಟಿ.ಸಿ. ತಗೋತೀನಿ ರೀ. ನಾನು ಮೊದ್ಲು ಹೋಗಿ ಅಡ್ಮಿಷನ್ ಮಾಡಿಸ್ತೀನಿ. ಮುಂದಿನ ವಾರ ಬಂದು ಕರ್ಕೊಂಡು ಹೋಗ್ತೀನಿ.”

“ಒಂದು ವಾರ ತಡ ಅಷ್ಟ. ಕಾರಣ ಗೊತ್ತಾತಲ್ಲ, ಇನ್ನ ಏನೈತಿ?”

“ಅಷ್ಟೇ ಅನ್ಬೇಡಿ. ಯುಗಾದಿಯಿಂದ ಅಷ್ಟೇ, ಅಷ್ಟೇ ಅಂತಾನೇ ಇದೀರಾ. ಅವಳಿಗೆ ಜ್ವರ ಬಂದಾಗ ಪಕ್ಕದ ಮನೆ ಆದಿಲಕ್ಷ್ಮಮ್ಮ ಮಾತ್ರೆ ಹಾಕಿದ್ದು. ನೀವಾಗ ಎಲ್ಲಿದ್ರಿ?”

ಬಳ್ಳಾರಿಯ ಲೇತಿನಲ್ಲಿದ್ದೆ. ಕ್ರ್ಯಾಂಕ್ ತರಲು.

“ಶಿರಿಷಾನ್ನ ಕೇಳು,” ಅಂದೆ. ಆ ಮಾತು ಆಡಬಾರದಿತ್ತು.

ಶಿರಿಷಾ ಇಬ್ಬರ ಮುಖವನ್ನೂ ನೋಡಿದಳು. “ಅಪ್ಪ, ನೀ ಕಾರ್ ರಿಪೇರಿ ಮಾಡೋದು ಮುಗಿಸ್ಕೋ. ನಾ ಅಮ್ಮನ ಕಡೆ ಇರ್ತೀನಿ,” ಅಂದಳು. ನನಗೆ ಅನುಕೂಲ ಮಾಡಿಕೊಡುವವಳ ಹಾಗೆ.

ಹೊಸ ಭಾಗ ಬಂದ ದಿನ ಮನೆಯಲ್ಲಿ ಒಂದು ಚೂರು ಬಟ್ಟೆಯನ್ನೂ ಹತ್ತಿರ ಬಿಡಲಿಲ್ಲ. ಕೊಳವೆಯನ್ನೂ ಬೋಲ್ಟನ್ನೂ ಪಂಕ್ಚರ್ ಅಂಗಡಿಗೆ ಒಯ್ದು ಗಾಳಿ ಹೊಡೆಸಿದೆ. ಡೀಸೆಲ್ ಸುರಿದು ತೊಳೆದೆ, ಮತ್ತೆ ಗಾಳಿ. ಎಣ್ಣೆ ಇನ್ನೊಂದು ಸಲ ಬದಲಾಯಿಸಿದೆ. ಅಂಗಳದಲ್ಲಿ, ಬಿಸಿಲಲ್ಲಿ ಕೂತು ಜೋಡಿಸಿದೆ. ಬನಶಂಕರಿ ಬಸ್ಸಿಳಿದು ಬರುವಷ್ಟರಲ್ಲಿ ಕಾರು ಬಾಗಿಲಲ್ಲಿ ಗುರುಗುಡುತ್ತಾ ನಿಂತಿತ್ತು. ಸದ್ದಿಲ್ಲ, ಹೊಗೆಯಿಲ್ಲ. ಅವಳು ಸುತ್ತ ಒಂದು ಸಲ ನೋಡಿ, “ಆಯ್ತಾ?” ಅಂದಳು.

“ಆತು. ಟಿ.ಸಿ. ವಾಪಸ್ ಕೊಡಾಕ ಬರ್ತೈತೇನು?”

“ಅಡ್ಮಿಷನ್ ಆಗೈತೆ ಕಣ್ರೀ.”

ಹಿಂದಿನ ಸೀಟಿನ ಅರ್ಧ ಮಡಚಿ ಶಿರಿಷಾಳ ಬಟ್ಟೆಯ ಪೆಟ್ಟಿಗೆ, ಪುಸ್ತಕ, ಮಡಚುವ ಮಂಚ ತುಂಬಿದೆವು. ಸೈಕಲ್ಲು ಒಳಗೆ ಹಿಡಿಸಲಿಲ್ಲ, ಮೇಲೆ ಕಟ್ಟಿದೆ. ಬಂಡಲ್ ಕಟ್ಟುವ ಗಂಟು, ಬಿಚ್ಚುವ ಮಾತೇ ಇಲ್ಲ.

ದಾರಿಯುದ್ದಕ್ಕೂ ಕಾರು ನನ್ನನ್ನು ಅಣಕಿಸುವಷ್ಟು ಚೆನ್ನಾಗಿ ಓಡಿತು. ಅಷ್ಟು ಭಾರ ಹೊತ್ತೂ ದಿಣ್ಣೆಗಳನ್ನು ಉಸಿರು ಬಿಡದೆ ಏರಿತು. ಎಲ್ಲಾದರೂ ನಿಂತುಬಿಡಲಿ ಅಂತ ಒಂದು ಗಳಿಗೆ ಅನ್ನಿಸಿತು, ಸುಳ್ಳು ಯಾಕೆ ಹೇಳಲಿ. ನಿಲ್ಲಲಿಲ್ಲ.

ಮಡಕಶಿರಾದ ಮನೆಯ ಮುಂದೆ ಮಂಚ ಇಳಿಸುವಾಗ ಮನೆ ಓನರು ಮಂಜಮ್ಮ ಹೊರಗೆ ಬಂದರು. ಕಾರಿನ ಸದ್ದು ಕೇಳಿ ತಲೆಯಾಡಿಸಿದರು.

“ಗಾಡಿ ಸುಮಾರು ದಿನ ಕೆಟ್ಟು ಬಿದ್ದಿತ್ತಂತಲ್ಲಪ್ಪ. ಚೆನ್ನಾಗಿ ಮಾಡವ್ರೆ. ಎಲ್ಲಿ ಮಾಡಿಸ್ದೆ?”

“ಬಳ್ಳಾರಿಯಾಗ,” ಅಂದೆ.

“ಅಲ್ಲಜ್ಜಿ,” ಸೈಕಲ್ಲಿಗಾಗಿ ಕಾಯುತ್ತಾ ನಿಂತಿದ್ದ ಶಿರಿಷಾ ಅಂದಳು, “ನಮ್ಮಪ್ಪನೇ ಮಾಡಿದ್ದು. ಮನಿಯಾಗ.”

“ಅಯ್ಯೋ, ಮನೇಲಾ!” ಮಂಜಮ್ಮ ಬಾಯಿ ಮೇಲೆ ಕೈಯಿಟ್ಟರು. “ಈ ಹೊಲಿಗೆ, ಮಗು, ಅಡುಗೆ ಅಂತ ಒಬ್ನೇ ಇದ್ದೆ ಅಂತಿದ್ಲು ನಿನ್ ಹೆಂಡ್ತಿ. ಅಷ್ಟೊಂದು ಪುರುಸೊತ್ತು ಎಲ್ಲಿತ್ತಪ್ಪ ನಿಂಗೆ?”

ಮಂಚದ ಆ ತುದಿ ಹಿಡಿದಿದ್ದ ಬನಶಂಕರಿ ನನ್ನ ಕಡೆ ನೋಡಲಿಲ್ಲ. “ಎತ್ತಿ,” ಅಂದಳು. ಎತ್ತಿದೆ. ಬಾಗಿಲು ಕಿರಿದು, ಮಂಚವನ್ನು ಅಡ್ಡ ತಿರುಗಿಸಿ ಒಳಗೆ ತಳ್ಳಬೇಕಾಯಿತು.