ವಿರೋಧಕ್ಕೆ ನಿಂತ ಸೌಭಾಗ್ಯ

ಹೆಣ್ಣುಮಕ್ಕಳಿಗೆ ಬಸ್ ಪ್ರಯಾಣ ಪುಕ್ಕಟೆಯಾದಾಗಿನಿಂದ ಕಂಡಕ್ಟರ್ ಹನುಮಂತರಾಯ ಮನೆಗೆ ಬಂದು ಬೂಟು ಬಿಚ್ಚುವ ಮೊದಲೇ ಬೈಗುಳ ಬಿಚ್ಚುತ್ತಿದ್ದ. ಮಾನ್ವಿಯಿಂದ ರಾಯಚೂರಿಗೆ, ರಾಯಚೂರಿನಿಂದ ಮಾನ್ವಿಗೆ ದಿನವಿಡೀ ಜನರ ನಡುವೆ ನುಸುಳಿ ನುಸುಳಿ ಅವನ ಅಂಗಿಯ ಗುಂಡಿ ಒಂದೂ ನೆಟ್ಟಗೆ ಉಳಿಯುತ್ತಿರಲಿಲ್ಲ.

"ಕಾಲಿಡಾಕ ಜಾಗ ಇಲ್ಲ. ಟಿಕೇಟ್ ತಗಂಡ ಗಂಡಸ್ರು ನಿಂತಿರ್ತಾರ, ಹುಡುಗ್ರು ಬಾಗಲಾಗ ಜೋತಾಡ್ತಾವ. ಮುಂದಿನ ಸ್ಟಾಪಿಗೆ ಹೋಗಾಕೂ ಬಸ್ಸ ಬೇಕು ಇವರಿಗೆ!" ಎಂದು ಅವನು ಅಂಗಳದಲ್ಲೇ ಶುರುಮಾಡಿದರೆ, ಹೆಂಡತಿ ಒಳಗಿನಿಂದಲೇ, "ಮೊನ್ನಿ ನಾನೂ ಅದ ಬಸ್ಸಿನಾಗ ತವರಿಗಿ ಹೋಗಿ ಬಂದೀನಿ. ನನಗೂ ಬೈರಿ," ಎನ್ನುತ್ತಿದ್ದಳು. ಅಲ್ಲಿಗೆ ಅವನು ತಣ್ಣಗಾಗಿ ಚಹಾಕ್ಕೆ ಕೂರುತ್ತಿದ್ದ.

ಅವರ ಒಬ್ಬಳೇ ಮಗಳು ಸೌಭಾಗ್ಯ, ಮಾನ್ವಿಯಲ್ಲಿ ಬಿ.ಎ. ಎರಡನೇ ವರ್ಷ. ಮಾತಿನಲ್ಲಿ ಅಪ್ಪನ ಹರಿತ, ತಾಳ್ಮೆಯಲ್ಲಿ ಅವ್ವ. ಕಾಲೇಜಿನಿಂದ ಅವಳನ್ನು ರಾಯಚೂರಿನ ಜಿಲ್ಲಾ ಮಟ್ಟದ ಚರ್ಚಾಸ್ಪರ್ಧೆಗೆ ಆರಿಸಿದರು. ವಿಷಯ: ಮಹಿಳೆಯರ ಉಚಿತ ಬಸ್ ಪ್ರಯಾಣದಿಂದ ಸಮಾಜಕ್ಕೆ ಒಳಿತಾಗಿದೆ. ಪರವೋ ವಿರೋಧವೋ ಎಂಬುದು ಚೀಟಿ ಎತ್ತಿದಂತೆ. ಸೌಭಾಗ್ಯಳಿಗೆ ವಿರೋಧ ಬಂತು.

ಅವಳಿಗೆ ಅಳುವೇ ಬಂದಿತ್ತು. ಗೆಳತಿಯರಲ್ಲಿ ಅರ್ಧ ಜನ ಆ ಬಸ್ಸಿನಿಂದಲೇ ಕಾಲೇಜು ಕಂಡವರು. ಅದರ ವಿರುದ್ಧ ಯಾವ ಬಾಯಿಂದ ಮಾತಾಡುವುದು? ಹೆಸರು ತೆಗೆಯಿರಿ ಎಂದು ಕೇಳಲು ಹೋದವಳಿಗೆ ಕನ್ನಡದ ಸುನಂದಾ ಮೇಡಂ, "ನೀ ಒಪ್ಪಿದ್ದನ್ನ ಹೇಳಾಕ ನಿನಗ ತಯಾರಿ ಬೇಕಿಲ್ಲವ್ವಾ. ಒಪ್ಪದ ಮಾತಿನಾಗ ಖರೇ ಎಷ್ಟದ ಅಂತ ಹುಡುಕು. ಅದು ಕಲಿಕಿ," ಎಂದು ವಾಪಸು ಕಳಿಸಿದರು.

ಸುದ್ದಿ ಕೇಳಿ ಹನುಮಂತರಾಯನಿಗೆ ಹಿಡಿಸಲಾರದಷ್ಟು ಖುಷಿ. "ಎದಕ್ಕ ಚಿಂತಿ ಮಾಡ್ತಿ? ವಿರೋಧ ಮಾತಾಡಾಕ ಈ ಜಿಲ್ಲಾದಾಗ ನನಗಿಂತ ದೊಡ್ಡ ಮನಶ್ಯಾ ಸಿಗ್ತಾನೇನು? ಕೇಳು ಇಲ್ಲಿ," ಎಂದು ಚಾಪೆ ಹಾಸಿ ಕುಳಿತ. ಹೇಳಿದ, ಹೇಳಿದ, ಚಹಾ ಆರುವ ತನಕ ಹೇಳಿದ. ಆದರೆ ಅವನ ಒಂದೊಂದು ಮಾತಿಗೂ ಮಗಳ ಬಳಿ ಉತ್ತರ ಇತ್ತು.

"ಯಪ್ಪಾ, ಇದು ವಾದ ಅಲ್ಲ, ಸಿಟ್ಟು. ಎದುರಿನವರು ಒಂದ ನಿಮಿಷದಾಗ ಹರದು ಹಾಕ್ತಾರ. ಹಿಂಗ ಮಾಡು. ನೀ ಪರ ಮಾತಾಡು, ನಾ ನಿನ್ನ ಎದುರು ನಿಂದ್ರತೀನಿ."

"ನಾನು? ಪರ?"

"ಹೂಂ, ನೀನ."

ಹನುಮಂತರಾಯ ನಗುತ್ತಲೇ ಎದ್ದು ನಿಂತ. ಸಭಿಕರೆ ಎಂದು ಕೈ ಮುಗಿದು ಹೆಂಡತಿಯನ್ನು ನಗಿಸಿದ. ಆಮೇಲೆ ಏನು ಹೇಳುವುದೆಂದು ದಿನದ ಬಸ್ಸನ್ನು ಕಣ್ಣ ಮುಂದೆ ತಂದುಕೊಂಡ. ಮಲ್ಲಟದಲ್ಲಿ ಹತ್ತುವ ಮೂಕಮ್ಮ ನೆನಪಾದಳು. ಕಿಡ್ನಿ ಕೆಟ್ಟ ತಂಗಿಯನ್ನು ತೋಳಲ್ಲಿ ಹಿಡಿದು ರಾಯಚೂರಿನ ದೊಡ್ಡಾಸ್ಪತ್ರೆಗೆ ವಾರ ವಾರ ಕರೆತರುವವಳು. ಬಡಿಯುವ ಗಂಡನ ಮೇಲೆ ಕೇಸು ಹಾಕಿ ಕೋರ್ಟಿನ ತಾರೀಖಿಗೆ ತಪ್ಪದೆ ಬರುವ ಹೆಂಗಸು ನೆನಪಾದಳು. ಮೊದಮೊದಲು ಮುಖ ಮುಚ್ಚಿಕೊಂಡು ಬರುತ್ತಿದ್ದವಳು ಈಗ ಕಿಟಕಿ ಪಕ್ಕ ಕುಳಿತು ಗಾಳಿಗೆ ಮುಖ ಒಡ್ಡುತ್ತಾಳೆ. ಶಕ್ತಿನಗರದ ಮಗಳ ಮನೆಗೆ ಬಾಣಂತನಕ್ಕೆ ಹೊರಟ ಮುದುಕಿ. ನರ್ಸಿಂಗ್ ಓದುವ ಹುಡುಗಿಯರ ಹಿಂಡು. ಒಬ್ಬೊಬ್ಬರನ್ನೇ ಹೇಳುತ್ತಾ ಹೋದವನ ದನಿ ಇಳಿಯಿತು. ದಿನಾ ಕಂಡ ಮುಖಗಳೇ. ಎಲ್ಲರನ್ನೂ ಹೀಗೆ ಒಟ್ಟಿಗೆ ನಿಲ್ಲಿಸಿ ಅವನು ನೋಡಿರಲಿಲ್ಲ.

"ಯಪ್ಪಾ, ನೀ ಗೆದ್ದಿ," ಎಂದಳು ಮಗಳು. ಹನುಮಂತರಾಯ ಆರಿದ ಚಹಾ ಎತ್ತಿ ಕುಡಿದ.

ಅಂದಿನಿಂದ ಮನೆಯಲ್ಲಿ ದಿನಾ ಅದೇ ಆಟ. ಅಪ್ಪ ಪರ, ಮಗಳು ವಿರೋಧ. ಬಸ್ಸಿನಲ್ಲೂ ಅವನು ಹೆಂಗಸರನ್ನು ಎಲ್ಲಿಗೆ ಹೊಂಟೀರವ್ವಾ, ಏನು ಕೆಲಸ ಎಂದು ವಿಚಾರಿಸತೊಡಗಿದ. "ಈ ಕಂಡಕ್ಟರಗ ಏನಾಗ್ಯಾದೋ," ಎಂದು ಅವರು ತಮ್ಮತಮ್ಮಲ್ಲೇ ನಕ್ಕರು. ದಿನೇ ದಿನೇ ಅಪ್ಪನ ವಾದ ಬಲಿಯಿತು, ಮಗಳದು ಸೊರಗಿತು.

ಒಂದು ಭಾನುವಾರ ಸೌಭಾಗ್ಯ ದೇವದುರ್ಗದ ಕಡೆ ಹಳ್ಳಿಯಲ್ಲಿದ್ದ ಸೋದರತ್ತೆ ಹಣಮಮ್ಮನ ಮನೆಗೆ ಹೋದಳು. ದೊಡ್ಡ ರಸ್ತೆಯಲ್ಲಿ ಇಳಿದು, ಹತ್ತಿ ಹೊಲಗಳ ನಡುವೆ ಬಿಸಿಲಲ್ಲಿ ನಡೆದೇ ಊರು ಸೇರಬೇಕು. ಅತ್ತೆಯ ಮಗಳು ರಾಧಾ ಸೌಭಾಗ್ಯಳ ಓರಗೆಯವಳು, ಪಿಯುಸಿಯಲ್ಲಿ ಅಂಕದಲ್ಲಿ ಅವಳಿಗಿಂತ ಮುಂದಿದ್ದವಳು. ಈಗ ಹತ್ತಿ ಬಿಡಿಸಲು ಹೋಗುತ್ತಿದ್ದಳು.

"ಕಾಲೇಜ್ ಯಾಕ ಬಿಟ್ಟಿ ಖರೇ ಹೇಳು," ಎಂದಳು ಸೌಭಾಗ್ಯ.

"ಅಪ್ಪ ಬ್ಯಾಡ ಅನ್ನಲಿಲ್ಲ, ಅವ್ವನೂ ಅನ್ನಲಿಲ್ಲ. ಕತ್ತಲಾಗ ಎದ್ದು ರಸ್ತೆ ತನ ಒಬ್ಬಾಕೀ ನಡಿಬೇಕು, ಕತ್ತಲಾಗ ತಿರುಗಿ ಬರಬೇಕು. ಎಷ್ಟ ದಿನ ಅಂತ ನಡೀಲಿ? ನಿನಗ ಪುಕ್ಕಟಿ ಬಸ್ಸ ಅದ. ನನಗ ಬಸ್ಸ ಇಲ್ಲ," ಎಂದಳು ರಾಧಾ. ಅವಳ ದನಿಯಲ್ಲಿ ದೂರು ಇರಲಿಲ್ಲ.

ಮನೆಗೆ ಮರಳಿದ ಮಗಳ ಮುಖ ನೋಡಿ ಹನುಮಂತರಾಯ, "ಏನರ ಸಿಕ್ಕಿತೇನು?" ಎಂದ.

"ಸಿಕ್ಕಿತು ಯಪ್ಪಾ. ನಿನಗ ಹೇಳಂಗಿಲ್ಲ. ರಾಯಚೂರಾಗ ಕೇಳು."

ಸ್ಪರ್ಧೆಯ ದಿನ ಅವನಿಗೆ ರಜೆ ಸಿಗಲಿಲ್ಲ. ಬಸ್ಸು ರಾಯಚೂರು ಮುಟ್ಟಿ ಮುಂದಿನ ಟ್ರಿಪ್ಪಿಗೆ ಇನ್ನೂ ಹೊತ್ತಿದ್ದಾಗ ಡ್ರೈವರ್ ಖಾಜಾಮಿಯಾ, "ಊಟ ಆಮ್ಯಾಲ ಮಾಡ್ತೀ. ಹೋಗು ಭಾಯ್, ಗಾಡಿ ನಾ ನೋಡ್ಕೋತೀನಿ," ಎಂದು ಅವನನ್ನು ಆಟೊ ಹತ್ತಿಸಿದ. ಸಭಾಂಗಣ ತುಂಬಿತ್ತು. ಹನುಮಂತರಾಯ ಖಾಕಿ ಅಂಗಿಯಲ್ಲೇ ಹಿಂದಿನ ಗೋಡೆಗೆ ಒರಗಿ ನಿಂತ.

ಪರವಾಗಿ ಮಾತಾಡಿದವಳು ರಾಯಚೂರಿನ ಮಿನಾಜ್ ಎಂಬ ಹುಡುಗಿ. ಆಸ್ಪತ್ರೆ, ಕೋರ್ಟು, ಕಾಲೇಜು, ತವರು, ಒಂದನ್ನೂ ಬಿಡಲಿಲ್ಲ. ಮೊದಲು ಗಂಡನನ್ನು ಕೇಳಿ ಹೊರಡುತ್ತಿದ್ದವಳು ಈಗ ಗಂಡನಿಗೆ ಹೇಳಿ ಹೊರಡುತ್ತಾಳೆ ಎಂದಾಗ ಸಭೆ ಚಪ್ಪಾಳೆ ತಟ್ಟಿತು. ತಾನು ಮನೆಯಲ್ಲಿ ಹೇಳಿದ್ದೆಲ್ಲ ಇವಳ ಬಾಯಲ್ಲಿ ಚಂದವಾಗಿ ಬರುತ್ತಿದೆಯಲ್ಲ ಎಂದು ಹನುಮಂತರಾಯ ಗೋಡೆ ಬಿಟ್ಟು ನೆಟ್ಟಗೆ ನಿಂತ. ಮಗಳ ಗತಿ?

ಸೌಭಾಗ್ಯ ಮೈಕಿನ ಮುಂದೆ ನಿಂತಳು. "ನನ್ನ ಗೆಳತಿ ಹೇಳಿದ ಪ್ರತಿಯೊಂದು ಮಾತನ್ನೂ ನಾನು ಒಪ್ಪುತ್ತೇನೆ," ಎಂದಳು. ಸಭೆಯಲ್ಲಿ ಗುಸುಗುಸು ಎದ್ದಿತು. ತೀರ್ಪುಗಾರರು ತಲೆ ಎತ್ತಿದರು.

"ಆದರೆ ಇಂದಿನ ವಿಷಯದಲ್ಲಿ ಸಮಾಜ ಎಂಬ ಪದ ಇದೆ. ನನ್ನ ಅತ್ತೆಯ ಮಗಳೂ ಆ ಸಮಾಜದಲ್ಲೇ ಇದ್ದಾಳೆ. ಅವಳ ಊರಿಗೆ ಬಸ್ಸೇ ಬರುವುದಿಲ್ಲ. ಬಾರದ ಬಸ್ಸು ಪುಕ್ಕಟೆಯಾದರೆ ಅವಳಿಗೇನು? ಬಸ್ಸಿನ ರಸ್ತೆಯಲ್ಲಿ ಹುಟ್ಟಿದ ನಾನು ಬಿ.ಎ. ಓದುತ್ತೇನೆ. ನನಗಿಂತ ಜಾಣೆಯಾದ ಅವಳು ಹತ್ತಿ ಬಿಡಿಸುತ್ತಾಳೆ. ಇರುವ ಬಸ್ಸಿಗೇ ಎಲ್ಲರೂ ಮುಗಿಬಿದ್ದರೆ ಹೆಂಗಸಿಗೂ ಗಂಡಸಿಗೂ ಜಗಳ ಹಚ್ಚಿದಂತಾಗುತ್ತದೆ. ಜಗಳದಲ್ಲಿ ಬಸ್ಸು ಸಾಲದೆಂಬ ಮಾತು ಮರೆತುಹೋಗುತ್ತದೆ. ಬಸ್ಸಿದ್ದವರಿಗೆ ಒಳಿತಾಗಿದೆ. ಸಮಾಜಕ್ಕೆ ಒಳಿತಾಗಿದೆ ಎಂದು ಹೇಳಲು ನಾವು ಇನ್ನೂ ಆ ಊರಿನ ತನಕ ಹೋಗಬೇಕಾಗಿದೆ."

ಮೊದಲ ಚಪ್ಪಾಳೆ ಮಿನಾಜಳದೇ. ಹನುಮಂತರಾಯನಿಗೆ ಚಪ್ಪಾಳೆ ತಟ್ಟುವುದೂ ಮರೆತಿತ್ತು. ಕಣ್ಣಿನ ಮುಂದೆ ವೇದಿಕೆ ಮಸುಕಾಗಿ, ಪಕ್ಕದವರು ಯಾಕ್ರೀ ಎಂದು ಕೇಳಿದ್ದಕ್ಕೆ, "ಸೆಕಿ ರೀ," ಎಂದು ಮುಖ ಒರೆಸಿಕೊಂಡ.

ಮಿನಾಜಳಿಗೆ ಮೊದಲ ಬಹುಮಾನ ಬಂತು, ಸೌಭಾಗ್ಯಳಿಗೆ ಎರಡನೆಯದು. ಹನುಮಂತರಾಯನಿಗೆ ತೀರ್ಪಿನ ಮೇಲೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಮಿನಾಜ್ ಬಂದು ಸೌಭಾಗ್ಯಳ ಕೈ ಹಿಡಿದು, "ಆ ಊರು ಎಲ್ಲಿ ಬರ್ತದ? ಒಮ್ಮಿ ಹೋಗೂಣು," ಎಂದದ್ದನ್ನು ಅವನು ದೂರದಿಂದಲೇ ಕೇಳಿಸಿಕೊಂಡ.

ಸಂಜೆ ಮಾನ್ವಿಗೆ ಹೊರಟ ಬಸ್ಸಿನಲ್ಲಿ ಮಗಳೂ ಇದ್ದಳು. ಅವನ ಹೊಟ್ಟೆಯಲ್ಲಿ ಸುದ್ದಿ ನಿಲ್ಲಲಿಲ್ಲ. ಆಸ್ಪತ್ರೆಯಿಂದ ಮರಳುತ್ತಿದ್ದ ಮೂಕಮ್ಮನ ಮುಂದೆ, "ನಮ್ಮ ಹುಡುಗಿ ಚರ್ಚಾದಾಗ ಬಹುಮಾನ ತಗಂಡಾಳ," ಎಂದ.

"ಹೌದೇನಪಾ! ಏನಂತ ಮಾತಾಡಿದ್ಲು?"

"ಹೆಂಗಸರ ಪುಕ್ಕಟಿ ಬಸ್ಸಿಗೆ ವಿರೋಧ."

ಅಷ್ಟೇ ಸಾಕಾಯಿತು. ಬಸ್ಸಿಗೆ ಬಸ್ಸೇ ಸೌಭಾಗ್ಯಳ ಕಡೆ ತಿರುಗಿತು. "ನಮ್ಮ ಬಸ್ಸ ಬಂದ್ ಮಾಡಸ್ತೀಯೇನು? ನೀನೂ ಹೆಣ್ಣಲ್ಲೇನು?" ಎಂದು ಮೂಕಮ್ಮ ಸೀಟಿನಿಂದ ಎದ್ದೇಬಿಟ್ಟಳು. ಹಿಂದೆ ಕಂಬಿ ಹಿಡಿದು ನಿಂತಿದ್ದ ಮುದುಕಪ್ಪನೆಂಬ ಹಿರಿಯ, "ಶಬ್ಬಾಸ್ ತಂಗೀ! ಖರೇ ಮಾತು!" ಎಂದು ಕೂಗಿದ. ಗಂಡಸರೆಲ್ಲ ಅವನ ಕಡೆ ಸೇರಿದರು. ಖಾಜಾಮಿಯಾ ಕನ್ನಡಿಯಲ್ಲಿ ನೋಡಿ, "ಕ್ಯಾ ಹುವಾ ಭಾಯ್?" ಎಂದು ವೇಗ ಇಳಿಸಿದ.

ಹನುಮಂತರಾಯನಿಗೆ ಬಾಯಿ ತಪ್ಪಿತೆಂದು ಗಾಬರಿ. ಎಲ್ಲರನ್ನೂ ಗದರಿ ಕೂರಿಸಬೇಕೆಂದು ಬಾಯಿ ತೆರೆದ. ಮಗಳು ಕೈ ಸನ್ನೆಯಿಂದ ಬೇಡವೆಂದಳು.

"ಯವ್ವಾ, ಸಿಟ್ಟಾಗಬ್ಯಾಡ. ಪೂರಾ ಕೇಳು," ಎಂದು ಕಂಬಿ ಹಿಡಿದು ನಿಂತಳು. ಮೈಕಿಲ್ಲ, ಹೊತ್ತು ಮುಗಿಯಿತೆನ್ನುವ ಗಂಟೆಯಿಲ್ಲ. ರಾಧಾಳ ಊರಿನ ಕತೆಯನ್ನು ಈ ಸಲ ಊರಿನ ಮಾತಿನಲ್ಲಿ ಹೇಳಿದಳು. ಆಮೇಲೆ ಮುದುಕಪ್ಪನ ಕಡೆ ತಿರುಗಿ, "ಯಜ್ಜಾ, ನೀವು ನಿಂತಿದ್ದು ಈ ಯವ್ವ ಕುಂತಿದ್ದಕ್ಕ ಅಲ್ಲ. ಇದರ ಹಿಂದ ಇನ್ನೊಂದು ಬಸ್ಸ ಇಲ್ಲ ಅದಕ್ಕ. ಆಕಿ ಮ್ಯಾಲ ಸಿಟ್ಟು ಮಾಡಿದ್ರ ಬಸ್ಸ ಬರತದೇನು?" ಎಂದಳು.

ಮುದುಕಪ್ಪ ತಲೆ ಕೆರೆದುಕೊಂಡ. ಮೂಕಮ್ಮ ನಿಧಾನಕ್ಕೆ ಕೂತಳು. "ಹಂಗಾದ್ರ ವಿರೋಧ ಎಲ್ಲಿ ಆತು? ನಮಗೂ ಇರಲಿ, ಆ ಹುಡುಗಿಗೂ ಬರಲಿ ಅಂದಂಗಾತು," ಎಂದವಳು ಹನುಮಂತರಾಯನನ್ನು ಹಿಡಿದಳು. "ನೀ ಏನಂತಿ ಕಂಡಕ್ಟರಾ? ದಿನಾ ನಮಗ ಬೈತಿದ್ದಾಂವ ನೀನ."

"ಬೈದದ್ದು ಹೌದವ್ವಾ," ಎಂದ ಹನುಮಂತರಾಯ. "ಬೈಯೋದು ಬ್ಯಾರೆ, ವಾದ ಮಾಡೋದು ಬ್ಯಾರೆ. ಇಷ್ಟ ವರ್ಷ ನನಗ ಗೊತ್ತಿರಲಿಲ್ಲ. ಈಕಿ ಕಲಿಸಿದ್ಲು."

ಮುಂದಿನ ದಿನಗಳಲ್ಲಿ ಸೌಭಾಗ್ಯ ಮತ್ತು ಮಿನಾಜ್ ಆ ಹಳ್ಳಿಗೆ ಹೋದರು. ಹಣಮಮ್ಮ ಓಣಿಯ ಹೆಂಗಸರನ್ನು ಕೂಡಿಸಿದಳು. ಮಲ್ಲಟದಿಂದ ಮೂಕಮ್ಮ, "ನಾನೂ ಬರ್ತೀನಿ, ನನ್ನ ದನಿ ದೊಡ್ಡದದ," ಎಂದು ತಾನಾಗಿ ಬಂದಳು. ಎಲ್ಲರೂ ಬಸ್ ಡಿಪೋದ ಸಾಹೇಬರ ಮುಂದೆ ನಿಂತು ಊರಿಗೆ ಬಸ್ಸು ಬಿಡಿರೆಂದು ಕೇಳಿದರು. ಆಗಲಿ ನೋಡೋಣ ಎಂಬ ಉತ್ತರ ಬಂತು. ಮತ್ತೆ ಹೋದರು, ಮತ್ತೆ ಕೇಳಿದರು. ರಸ್ತೆ ಸರಿಯಿಲ್ಲ ಎಂದಾಗ ಊರಿನ ಗಂಡಸರೇ ಸಲಿಕೆ ಹಿಡಿದು ಗುಂಡಿಗಳಿಗೆ ಮರಂ ಮಣ್ಣು ತುಂಬಿದರು. ಜೋಳದ ಸುಗ್ಗಿ ಮುಗಿಯುವ ಹೊತ್ತಿಗೆ ಬೆಳಗಿನ ಒಂದು ಬಸ್ಸು ಹಳ್ಳಿಯ ತನಕ ಬರುವುದೆಂದು ಗೊತ್ತಾಯಿತು.

ಆ ಬಸ್ಸು ಮೊದಲ ಸಲ ಬರುವ ದಿನ ಹನುಮಂತರಾಯ ರಜೆ ಹಾಕಿ, ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ತಂಗಿಯ ಊರಿಗೆ ಬಂದಿದ್ದ. ಮತ್ತೆ ಕಾಲೇಜಿಗೆ ಹೆಸರು ಹಚ್ಚಿದ್ದ ರಾಧಾ ಪುಸ್ತಕದ ಚೀಲ ತಗುಲಿಸಿಕೊಂಡು ಹತ್ತಿದಳು, ಅವಳ ಹಿಂದೆ ಇನ್ನೂ ನಾಲ್ಕಾರು ಹುಡುಗಿಯರು. ಹಣಮಮ್ಮ ಬುತ್ತಿ ಹಿಡಿದು ಓಡಿ ಬಂದು ಕಿಟಕಿಯಲ್ಲಿ ಕೊಟ್ಟಳು. ಬಸ್ಸು ಧೂಳೆಬ್ಬಿಸಿ ಹೊರಟ ಮೇಲೂ ಜನ ಚದುರಲಿಲ್ಲ.

"ಮುಂಜಾನಿದು ಆತು. ಸಂಜಿ ಹುಡುಗ್ಯಾರು ಹ್ಯಾಂಗ ಬರಬೇಕು?" ಎಂದು ಕಟ್ಟೆಯ ಮೇಲಿದ್ದ ಹಿರಿಯನೊಬ್ಬ ಕೇಳಿದ. "ಒಂದ ಸಲಕ್ಕ ಎಲ್ಲಾ ಕೇಳಿದ್ರ ಹ್ಯಾಂಗ?" ಎಂದ ಇನ್ನೊಬ್ಬ. "ಕೇಳದಿದ್ರ ಕೊಡ್ತಾರೇನು?" ಎಂದಳು ಹಣಮಮ್ಮ. ಮಾತು ಏರಿತು. ಎರಡೂ ಕಡೆಯವರು ಸೌಭಾಗ್ಯಳನ್ನು ಕರೆದರು. ಹಿರಿಯರು ಸರಿದು ಅವಳಿಗೆ ಕಟ್ಟೆಯ ಮೇಲೆ ಜಾಗ ಮಾಡಿಕೊಟ್ಟರು. ಸೌಭಾಗ್ಯ ಕುಳಿತಳು. ಮೊದಲು ಎಲ್ಲರ ಮಾತು ಕೇಳಿಸಿಕೊಳ್ಳತೊಡಗಿದಳು. ಹನುಮಂತರಾಯ ಬೇವಿನ ನೆರಳಲ್ಲಿ ನಿಂತು ಮಗಳನ್ನು ಕಣ್ತುಂಬ ನೋಡಿದ.